ಮಂದ ಕಿವಿಯವರು ಮೊಬೈಲ್ ಕೊಳ್ಳುವ ಮುನ್ನ

ನನ್ನ ಎರಡೂ ಕಿವಿ ತುಸು ಮಂದ. ಮಂಗಳೂರಿನ ಹಂಪನಕಟ್ಟೆಯ ಅಂಗಡಿಗೆ ಮೊಬೈಲ್ ಕೊಳ್ಳಲು ಹೋದರೆ ಮೊದಲು ನನ್ನ ಸಿಮ್ ಹಾಕಿಸಿಕೊಳ್ಳುತ್ತೇನೆ. ಹುಡುಗರು ಹಾಡು ಹಾಕಿ ‘ಸೌಂಡ್ ಜೋರಿದೆ ನೋಡಿ’ ಎನ್ನುತ್ತಾರೆ. ಅದು ಕೆಳಗಿನ ಸ್ಪೀಕರಿನ ಪ್ರತಾಪ. ಕಿವಿಗಿಟ್ಟು ಕೇಳುವ ಕರೆಗೆ ಅದರಿಂದ ಏನೂ ಆಗಬೇಕಾದ್ದಿಲ್ಲ.

ಉಡುಪಿಯ ತಂಗಿಗೆ ಕರೆ ಮಾಡುತ್ತೇನೆ. ಮಾತು ನಡೆಯುತ್ತಿರುವಾಗಲೇ ಬದಿಯ ಗುಂಡಿ ಒತ್ತಿ ಧ್ವನಿ ಹೊಂದಿಸಬೇಕು, ಕರೆಯ ಧ್ವನಿಮಟ್ಟ ಹಾಡಿನದಕ್ಕಿಂತ ಬೇರೆಯೇ ಇರುತ್ತದೆ. ಅಂಗಡಿಯೊಳಗೇ ಪೂರ್ತಿ ಏರಿಸಬೇಕಾಗಿ ಬಂದರೆ ಆ ಫೋನ್ ಬೇಡ. ಸಿಟಿ ಬಸ್ಸಿನ ಗದ್ದಲಕ್ಕೆಂದು ಎರಡು ಹಂತವಾದರೂ ಉಳಿದಿರಲಿ.

ಇನ್ನು ಸ್ಪಷ್ಟತೆ. ತಂಗಿ ಹಾಲು, ಕಾಲು, ಸಾಲು, ಪಾಲು ಎಂದು ಮನಬಂದ ಕ್ರಮದಲ್ಲಿ ಹೇಳುತ್ತಾಳೆ, ನಾನು ತಿರುಗಿ ಹೇಳುತ್ತೇನೆ. ‘ಆಲು’ ಎಲ್ಲ ಫೋನಿನಲ್ಲೂ ಕೇಳಿಸುತ್ತದೆ. ಸೋರಿಹೋಗುವುದು ಮೊದಲ ವ್ಯಂಜನ. ‘ಸ’ಕಾರದ ಸದ್ದು ಬಹುಪಾಲು ಎತ್ತರದ ಆವರ್ತನದ್ದು. ಹಳೆಯ ಬಗೆಯ ಕರೆ ಸುಮಾರು 3,400 ಹರ್ಟ್ಸ್‌ನಲ್ಲೇ ನಿಲ್ಲುತ್ತದೆ, ಅದರ ಮೇಲಿನ ಸದ್ದು ದಾಟುವುದಿಲ್ಲ. ವೋಲ್ಟಿಇ, ಅಂದರೆ 4ಜಿ ಜಾಲದಲ್ಲೇ ಸಾಗುವ ಕರೆ, ಸುಮಾರು 7,000ದವರೆಗೂ ಒಯ್ಯಬಲ್ಲದು, ಎರಡೂ ಕಡೆ ಆ ಸೌಲಭ್ಯವಿದ್ದರೆ. ಸೆಟ್ಟಿಂಗ್ಸ್‌ನಲ್ಲಿ ಅದು ಆನ್ ಆಗಿದೆಯೇ ನೋಡಿಯೇ ಪರೀಕ್ಷೆಗೆ ಇಳಿಯಿರಿ.

ಬಳಿಕ ಬಾಗಿಲ ಬಳಿ, ಹಾರ್ನ್‌ಗಳ ನಡುವೆ ಇನ್ನೊಮ್ಮೆ, ಎರಡು ಕಿವಿಗೂ. ಫೋನನ್ನು ಒಂದಿಷ್ಟು ಮೇಲೆ ಕೆಳಗೆ ಸರಿಸಿ. ಕಿವಿಗೆ ಧ್ವನಿ ಬರುವ ಈಗಿನ ಕಿಂಡಿಗಳು ಕೂದಲೆಳೆಯಷ್ಟು ಸಪೂರ. ಸ್ಕ್ರೀನ್ ಗಾರ್ಡ್ ಅಂಟಿಸಿದ ಮೇಲೂ ಕರೆ ಮಾಡಿ. ಕಿಂಡಿ ಮುಚ್ಚಿದ್ದರೆ ಹಣ ಕೊಡುವ ಮೊದಲೇ ಬದಲಿಸಿಕೊಳ್ಳಿ.