ನನ್ನ ಫ್ರೀ ಥ್ರೋ ತಿದ್ದಿಕೊಂಡ ಬಗೆ

ಬಾಸ್ಕೆಟ್‌ಬಾಲ್‌ನಲ್ಲಿ ಎದುರಾಳಿ ಫೌಲ್ ಮಾಡಿದಾಗ ಸಿಗುವ, ಯಾರೂ ಅಡ್ಡ ಬಾರದ ಎಸೆತವೇ ಫ್ರೀ ಥ್ರೋ. ಮಂಡ್ಯದ ಸಿಮೆಂಟು ಕೋರ್ಟಿನಲ್ಲಿ ಕಲಿತ ನನ್ನ ಶಾಟ್ ಚಪ್ಪಟೆ. ಎದೆಯ ಹತ್ತಿರದಿಂದ ಬಲ ಹಾಕಿ ತಳ್ಳುತ್ತಿದ್ದೆ, ಚೆಂಡು ಹೋಗಿ ರಿಂಗಿನ ಹಿಂಬದಿಗೆ ಬಡಿಯುತ್ತಿತ್ತು. ಓದಲು ಜರ್ಮನಿಯ ವುರ್ಟ್ಸ್‌ಬುರ್ಗ್‌ಗೆ ಬಂದಾಗ ಆ ಶಾಟೂ ಜೊತೆಗೇ ಬಂತು. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಹೆಸರು ಮಾಡಿದ ಡಿರ್ಕ್ ನೊವಿಟ್ಸ್ಕಿ ಹುಟ್ಟಿ ಬೆಳೆದ ಊರಿದು. ವಾರಕ್ಕೊಮ್ಮೆ ಆಡಲು ಹೋಗುತ್ತಿದ್ದ ಹಾಲ್‌ನಲ್ಲಿ ವಯಸ್ಸಾದ ಆಟಗಾರರೊಬ್ಬರು ನನ್ನ ನಾಲ್ಕೈದು ಎಸೆತ ನೋಡಿ, ಚೆಂಡು ಮೇಲಿನಿಂದ ಇಳಿಯಬೇಕು ಎಂದಷ್ಟೇ ಹೇಳಿ ಹೋದರು.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ರಿಂಗಿನ ಒಳವ್ಯಾಸ 45 ಸೆಂ.ಮೀ., ಚೆಂಡಿನದು ಸುಮಾರು 24. ನೆಟ್ಟಗೆ ಮೇಲಿನಿಂದ ಬಿದ್ದರೆ ಚೆಂಡಿಗೆ ಪೂರ್ತಿ 45 ಸಿಗುತ್ತದೆ. ರಿಂಗಿನ ಮಟ್ಟಕ್ಕೆ 45 ಡಿಗ್ರಿ ಓರೆಯಲ್ಲಿ ಬಂದರೆ ಸಿಗುವುದು 32. 30 ಡಿಗ್ರಿಯಾದರೆ 22.5, ಅಂದರೆ ರಿಂಗ್ ತಾಕದೆ ಒಳಗೆ ಹೋಗುವ ಮಾತೇ ಇಲ್ಲ. ಅಷ್ಟು ವರ್ಷ ಅರ್ಧ ಮುಚ್ಚಿದ ಬಾಗಿಲಿಗೆ ಎಸೆಯುತ್ತಿದ್ದೆ.

ಡಿರ್ಕ್‌ಗೆ ಈ ಲೆಕ್ಕವನ್ನು ಹದಿಹರೆಯದಲ್ಲೇ ಕೈಗೆ ಇಳಿಸಿದವರು ಹೋಲ್ಗರ್ ಗೆಶ್ವಿಂಡ್ನರ್. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಪಶ್ಚಿಮ ಜರ್ಮನಿಗೆ ಆಡಿದವರು, ಭೌತಶಾಸ್ತ್ರ ಓದಿದವರು. ಹುಡುಗನಿಗೆ ಕತ್ತಿವರಸೆ, ದೋಣಿ ಹುಟ್ಟು, ವಾದ್ಯ ಎಲ್ಲವನ್ನೂ ಹಚ್ಚಿದ್ದರು. ನನಗೆ ಅಂಥ ಗುರು ಇರಲಿಲ್ಲ, ಮೊಬೈಲ್ ಕ್ಯಾಮೆರಾ ಇತ್ತು.

ಮೊದಲ ಎರಡು ವಾರ ರಿಂಗಿನ ಕಡೆ ನೋಡಲೇ ಇಲ್ಲ. ನೆಲದ ಮೇಲೆ ಅಂಗಾತ ಮಲಗಿ ಬಲಗೈಯಿಂದಲೇ ಚೆಂಡನ್ನು ಮೇಲಕ್ಕೆ ಹಾರಿಸುವುದು, ಅದು ಅದೇ ಅಂಗೈಗೆ ವಾಪಸ್ ಬೀಳಬೇಕು. ಪಕ್ಕಕ್ಕೆ ಬಿದ್ದರೆ ಮಣಿಕಟ್ಟು ತಿರುಗಿದೆ ಎಂದರ್ಥ. ಆಮೇಲೆ ರಿಂಗಿನಿಂದ ಒಂದೇ ಹೆಜ್ಜೆ ದೂರ ನಿಂತು ಒಂದೇ ಕೈಯ ಶಾಟ್. ಎಡಗೈ ಸೇರಿಸಿದ ದಿನ ಕಾಯಿಲೆ ಎಲ್ಲಿದೆ ಅಂತ ವಿಡಿಯೊದಲ್ಲಿ ಕಂಡಿತು. ಬಿಡುವ ಕ್ಷಣದಲ್ಲಿ ಎಡಗೈ ಹೆಬ್ಬೆರಳು ಚೆಂಡನ್ನು ತಳ್ಳಿಬಿಡುತ್ತಿತ್ತು. ಆ ಬೆರಳನ್ನು ತೋರುಬೆರಳಿಗೆ ಟೇಪ್ ಸುತ್ತಿ ಕಟ್ಟಿದೆ. ಎಸೆತದ ಶಕ್ತಿ ತೋಳಿನಿಂದಲ್ಲ, ಮಂಡಿಯಿಂದ ಬರಬೇಕು. ಇದು ಗೊತ್ತಿದ್ದೂ ಮೈಗೆ ಬರಲು ಒಂದು ತಿಂಗಳಾಯಿತು.

ಬೋರ್ಡಿನಿಂದ 4.6 ಮೀಟರ್ ದೂರದ ಫ್ರೀ ಥ್ರೋ ಗೆರೆಗೆ ಮರಳಿದಾಗ ಹಳೆಯ ಶಾಟ್‌ನಲ್ಲಿ ನೂರಕ್ಕೆ 61 ಬೀಳುತ್ತಿದ್ದದ್ದು 44ಕ್ಕೆ ಇಳಿಯಿತು. ಬಿಟ್ಟುಬಿಡೋಣ ಅನ್ನಿಸಿತ್ತು. ಆ ದಿನಗಳಲ್ಲಿ ನನ್ನನ್ನು ಹಿಡಿದಿಟ್ಟದ್ದು ಡಿರ್ಕ್ ಸೋತ ಕಾಲ. 1998ರಲ್ಲಿ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸುವಾಗ ಒಂಬತ್ತನೆಯವನಾಗಿ ಆಯ್ಕೆಯಾಗಿ ಡಲ್ಲಾಸ್ ತಂಡ ಸೇರಿದವನ ಮೊದಲ ಸೀಸನ್ ಸರಾಸರಿ ಪಂದ್ಯಕ್ಕೆ ಬರೀ 8.2 ಅಂಕ. 2007ರಲ್ಲಿ ಎನ್‌ಬಿಎಯ ಅತ್ಯುತ್ತಮ ಆಟಗಾರನಾದ ಮೊದಲ ಯುರೋಪಿಯನ್ ಅವನು, ಆದರೆ ಅದೇ ವರ್ಷ ಅಗ್ರಸ್ಥಾನದಲ್ಲಿದ್ದ ಅವನ ತಂಡ ಪ್ರಶಸ್ತಿ ನಿರ್ಧರಿಸುವ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಹೊರಬಿತ್ತು. ಅದಾದ ಮೇಲೆ ಗುರುಶಿಷ್ಯರಿಬ್ಬರೂ ವಾರಗಟ್ಟಲೆ ಆಸ್ಟ್ರೇಲಿಯಾ ಸುತ್ತಿದರು. ಪ್ರಶಸ್ತಿ ಗೆದ್ದದ್ದು 2011ರಲ್ಲಿ. 21 ಸೀಸನ್ ಒಂದೇ ತಂಡಕ್ಕೆ ಆಡಿದ. ಅದನ್ನು ನಾನು ಅವನ ಎಲ್ಲ ಅಂಕಗಳಿಗಿಂತ ದೊಡ್ಡದು ಎಂದುಕೊಂಡಿದ್ದೇನೆ.

ಐದನೇ ತಿಂಗಳಿಗೆ 61 ದಾಟಿದೆ. ಈಗ ನೂರಕ್ಕೆ 77ರ ಆಸುಪಾಸು. ದಣಿದಾಗ ಮೊಣಕೈ ಇನ್ನೂ ಹೊರಕ್ಕೆ ಜಾರುತ್ತದೆ, ಅಂಥ ದಿನ ಮತ್ತೆ ನೆಲದ ಮೇಲೆ ಮಲಗುತ್ತೇನೆ. 2011ರ ಪ್ಲೇಆಫ್‌ನಲ್ಲಿ ಒಕ್ಲಹೋಮ ತಂಡದ ವಿರುದ್ಧದ ಒಂದೇ ಪಂದ್ಯದಲ್ಲಿ ಡಿರ್ಕ್ ಹಾಕಿದ 24 ಫ್ರೀ ಥ್ರೋಗಳೂ ಬಿದ್ದವು. ನಾನು ಒಂದೂ ತಪ್ಪದೆ ಹಾಕಿದ್ದು ಇವತ್ತಿನವರೆಗೆ 19.