ಕೆಂಪು ಮಣ್ಣು ಎಲ್ಲಿಂದ ಬಂತು?

ಬೆಂಗಳೂರಿನ ಬನಶಂಕರಿ ಕಡೆಯ ಒಂದು ಅಡ್ಡರಸ್ತೆ. ಒಂದೇ ಜಾಗದಲ್ಲಿ ಮೂರು ಸಲ ಕುಸಿದಿತ್ತು. ಪ್ರತಿ ಸಲವೂ ಜಲ್ಲಿ ತುಂಬಿ ಟಾರು ಹಾಕಿದ್ದರು. ‘ಮಳೆ ಜಾಸ್ತಿ ಆಯ್ತು ಸಾರ್, ಅದಕ್ಕೇ’ ಎಂದರು ಎಲ್ಲರೂ. ಮಳೆ ಇಡೀ ರಸ್ತೆಗೆ ಬಿದ್ದಿದೆ, ಅಲ್ವಾ? ಗುಂಡಿ ಮಾತ್ರ ರಸ್ತೆಯಡಿಯ ಮಳೆನೀರಿನ ಚರಂಡಿಯ ಛೇಂಬರಿನಿಂದ (ಮುಚ್ಚಳವಿರುವ ತೊಟ್ಟಿ) ಎರಡೂವರೆ ಮೀಟರ್ ದೂರಕ್ಕೇ ಬೀಳುತ್ತಿತ್ತು. ಚರಂಡಿಗೆ ಹಾಕುವ ಒಂದು ಹ್ಯೂಮ್ ಪೈಪಿನ, ಅಂದರೆ ಕಾಂಕ್ರೀಟ್ ಕೊಳವೆಯ, ಉದ್ದ ಅಷ್ಟೇ. ಅಂದರೆ ಮೊದಲ ಜಾಯಿಂಟ್ ಇರುವ ಕಡೆ.

ದಾರಿ ತೋರಿಸಿದ್ದು ಎದುರು ಮನೆಯ ಅಜ್ಜಿ. ‘ಕಾವೇರಿ ನೀರು ಬಿಟ್ಟ ದಿನ ರಾತ್ರಿ ಕೆಳಗೆ ಗುಳುಗುಳು ಅನ್ನುತ್ತೆ ಕಣಪ್ಪ, ಮಳೆ ಇಲ್ಲದಿದ್ದರೂ.’

ಮಾರ್ಚ್‌ನಲ್ಲಿ, ನೀರು ಬಿಡುವ ದಿನವೇ ಹೋಗಿ ಎರಡು ಛೇಂಬರಿನ ಮುಚ್ಚಳ ತೆಗೆಸಿದೆ. ಮೇಲಿನದು ಒಣಗಿತ್ತು. ಕೆಳಗಿನದರಲ್ಲಿ ತಿಳಿ ನೀರು ಹರಿಯುತ್ತಿತ್ತು. ಹಗ್ಗಕ್ಕೆ ಬಾಟಲಿ ಕಟ್ಟಿ ಇಳಿಸಿ ನೀರು ತೆಗೆದೆ. ಕ್ಲೋರಿನ್ ಪತ್ತೆಹಚ್ಚುವ ಆರ್ಥೋಟೊಲಿಡಿನ್ ಹನಿ ಬಿಟ್ಟ ಕೂಡಲೇ ಹಳದಿಗೆ ತಿರುಗಿತು. ಕ್ಲೋರಿನ್ ಇದೆ, ಇದು ನಲ್ಲಿ ನೀರು.

ಒಳಗೆ ಯಾರನ್ನೂ ಇಳಿಸಲಿಲ್ಲ. ಮಳೆನೀರಿನ ಚರಂಡಿಗೆ ಕೊಳಚೆ ಸೇರಿದ್ದರೆ ವಿಷಗಾಳಿ ಇರುತ್ತದೆ, ಕ್ಷಣದಲ್ಲಿ ಜೀವ ಹೋಗಬಹುದು. ಈ ವಿಷಯದಲ್ಲಿ ನಾನು ಯಾರ ಅವಸರಕ್ಕೂ ಬಗ್ಗುವುದಿಲ್ಲ. ಕ್ಯಾಮೆರಾ ಬಿಟ್ಟೆವು. ಜಾಯಿಂಟ್ ಎರಡು ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಅದರ ಕೆಳಗೆ ಹಸಿ ಕೆಂಪು ಮಣ್ಣು ಬೀಸಣಿಗೆಯಂತೆ ಹರಡಿತ್ತು. ಆಮೇಲೆ ಅದರ ಮೇಲಿನ ಟಾರಿಗೆ ಹಾರೆ ಕುಟ್ಟಿದೆ. ಡಬ್ ಡಬ್ ಎಂದಿತು, ಒಳಗೆ ಪೊಳ್ಳು.

ಜಾಯಿಂಟ್ ಬಿಟ್ಟದ್ದು ಯಾಕೆ? ಮೊದಲ ಪೈಪಿನ ಒಂದು ತುದಿ ಛೇಂಬರಿನ ಗಟ್ಟಿ ಗೋಡೆಯೊಳಗೆ ಕೂತಿದೆ, ಮುಂದಿನ ಪೈಪುಗಳು ಸುಮ್ನೆ ತುಂಬಿದ ಸಡಿಲ ಮಣ್ಣಿನ ಮೇಲೆ. ಮಣ್ಣು ಇಳಿದಂತೆ ಅವೂ ಇಳಿದವು, ಗೋಡೆ ಇಳಿಯಲಿಲ್ಲ. ಪಕ್ಕದ ನೀರಿನ ಕೊಳವೆ ಸೋರುತ್ತಿತ್ತು. ಆ ನೀರು ಬಿರುಕು ಹುಡುಕಿಕೊಂಡು ಮಣ್ಣನ್ನೂ ಎಳೆದುಕೊಂಡು ಹೋಗಿದೆ. ಮಳೆ ಬಂದಾಗ ಉಳಿದದ್ದೂ ಕೊಚ್ಚಿ ರಸ್ತೆ ಕೂತಿದೆ.

ಮೊದಲು ಸೋರಿಕೆ ನಿಲ್ಲಿಸಿದೆವು. ಆಮೇಲೆ ಅಗೆದು, ಛೇಂಬರಿನ ಪಕ್ಕಕ್ಕೆ ಗಿಡ್ಡ ಪೈಪು ಇಟ್ಟೆವು. ನೆಲ ಸ್ವಲ್ಪ ಇಳಿದರೂ ಅದು ವಾಲಿಕೊಳ್ಳುತ್ತದೆ, ಜಾಯಿಂಟ್ ಕಿತ್ತು ಬರುವುದಿಲ್ಲ. ಜಾಯಿಂಟ್ ಮೇಲೆ ಹೊಸ ಕಾಲರ್ (ಬಳೆ) ಕೂರಿಸಿ, ಅದರ ಸುತ್ತ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿದೆವು. ಮಣ್ಣನ್ನು 15 ಸೆಂಟಿಮೀಟರ್ ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ ದಮ್ಮಸ್ಸು ಮಾಡಿಸಿದೆ. ಈ ಕೆಲಸಕ್ಕೆ ನಾನೇ ನಿಂತಿದ್ದೆ.

ಅಕ್ಟೋಬರ್ ಮಳೆ ನಿಂತ ಮೇಲೆ ಮತ್ತೆ ಮುಚ್ಚಳ ತೆಗೆಸಿದೆ. ತಳದಲ್ಲಿ ಕಪ್ಪು ಹೂಳು, ಹೊಂಗೆ ಎಲೆ. ಕೆಂಪು ಮಣ್ಣು ಕಾಣಲಿಲ್ಲ.