ಎಣ್ಣೆಯಲ್ಲಿ ಮುಳುಗಿದ ಕಂಪ್ಯೂಟರ್: ಮನೆಯಲ್ಲೇ ಮಾಡುವುದು ಹೇಗೆ?

ಗಾಜಿನ ತೊಟ್ಟಿಯ ತುಂಬ ತಿಳಿ ಎಣ್ಣೆ. ಅದರೊಳಗೆ ಮದರ್‌ಬೋರ್ಡ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಲ್ಲವೂ ಮುಳುಗಿ ಕುಳಿತಿವೆ. ಪಕ್ಕದ ಮಾನಿಟರ್‌ನಲ್ಲಿ ಕಂಪ್ಯೂಟರ್ ಎಂದಿನಂತೆ ಕೆಲಸ ಮಾಡುತ್ತಿದೆ. ಮೊದಲ ಸಲ ನೋಡಿದವರ ಎದೆ ಧಸಕ್ಕೆನ್ನುವುದು ಸಹಜ. ಕರೆಂಟಿಗೂ ದ್ರವಕ್ಕೂ ಆಗಿಬರುವುದಿಲ್ಲ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಆದರೆ ಆ ಮಾತು ಸಲ್ಲುವುದು ನೀರಿಗೆ. ಶುದ್ಧವಾದ ಖನಿಜ ತೈಲ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಟ್ರಾನ್ಸ್‌ಫಾರ್ಮರ್‌ಗಳ ಸುರುಳಿಗಳು ನೂರು ವರ್ಷಕ್ಕೂ ಹಿಂದಿನಿಂದ ಎಣ್ಣೆಯಲ್ಲೇ ಮುಳುಗಿವೆ. 1985ರಲ್ಲಿ ಬಂದ ಕ್ರೇ-2 ಸೂಪರ್‌ಕಂಪ್ಯೂಟರ್‌ನ ಸರ್ಕ್ಯೂಟ್‌ಗಳು ಫ್ಲೋರಿನರ್ಟ್ ಎಂಬ ದ್ರವದಲ್ಲಿ ಪೂರ್ತಿ ಮುಳುಗಿದ್ದವು. 2021ರಲ್ಲಿ ಮೈಕ್ರೋಸಾಫ್ಟ್ ತನ್ನ ಒಂದು ಡೇಟಾ ಸೆಂಟರ್‌ನಲ್ಲಿ ಕುದಿಯುವ ದ್ರವದ ತೊಟ್ಟಿಯಲ್ಲಿ ಸರ್ವರ್‌ಗಳನ್ನು ಇಟ್ಟು ನಡೆಸಿತು.

ಚಿಪ್ಪುಗಳ ಶಾಖ ತೆಗೆಯುವ ಈ ಉಪಾಯವನ್ನು ಮನೆಯಲ್ಲೂ ಮಾಡಬಹುದು. ಆದರೆ ಇದನ್ನು ಮಾಡಹೊರಟವರಲ್ಲಿ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎಣ್ಣೆ ತಂಪು ಮಾಡುವುದಿಲ್ಲ, ಶಾಖವನ್ನು ಹೊರುತ್ತದೆ

ಒಂದು ಲೀಟರ್ ಗಾಳಿಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 1.2 ಜೂಲ್ ಸಾಕು. ಅಷ್ಟೇ ಖನಿಜ ತೈಲಕ್ಕೆ ಹೆಚ್ಚುಕಡಿಮೆ 1,400 ಜೂಲ್ ಬೇಕು. ಅಂದರೆ ಗಾಳಿಗಿಂತ ಸಾವಿರ ಪಟ್ಟಿಗೂ ಮಿಗಿಲಾದ ಶಾಖವನ್ನು ಎಣ್ಣೆ ತನ್ನೊಳಗೆ ಇಟ್ಟುಕೊಳ್ಳುತ್ತದೆ. ತೊಟ್ಟಿ ತುಂಬಿಸಿ ಕಂಪ್ಯೂಟರ್ ಶುರು ಮಾಡಿದ ಮೊದಲ ಅರ್ಧ ಗಂಟೆ ತಾಪಮಾನ ಅಷ್ಟು ಚೆನ್ನಾಗಿ ಕಾಣುವುದು ಇದೇ ಕಾರಣಕ್ಕೆ.

ಈಗ ಒಂದು ಲೆಕ್ಕ. 30 ಲೀಟರ್ ಎಣ್ಣೆ, 300 ವಾಟ್ ಶಾಖ ಉಗುಳುವ ಕಂಪ್ಯೂಟರ್. ಶಾಖ ಹೊರಗೆ ಹೋಗದಿದ್ದರೆ ಎಣ್ಣೆ 20 ಡಿಗ್ರಿ ಏರಲು 47 ನಿಮಿಷ ಸಾಕು. ಗಾಜಿನ ಮೈಯಿಂದ ಸ್ವಲ್ಪ ಶಾಖ ಕೋಣೆಗೆ ಹೋಗುತ್ತದೆ, ನಿಜ. ಆದರೆ ಗಾಜಿನಿಂದ ನಿಂತ ಗಾಳಿಗೆ ಶಾಖ ದಾಟುವುದು ಬಲು ನಿಧಾನ. ಹಾಗಾಗಿ ಬರೀ ತೊಟ್ಟಿ, ಬರೀ ಎಣ್ಣೆ ನಂಬಿದರೆ ಸಂಜೆಯ ಹೊತ್ತಿಗೆ ಕೈ ಇಡಲಾಗದಷ್ಟು ಬಿಸಿ ಎಣ್ಣೆಯಲ್ಲಿ ನಿಮ್ಮ ಪ್ರೊಸೆಸರ್ ಕುಳಿತಿರುತ್ತದೆ. ಶಾಖವನ್ನು ಕೋಣೆಯ ಗಾಳಿಗೆ ಬಿಡುವ ಕೆಲಸ ರೇಡಿಯೇಟರ್‌ನದು. ದುಡ್ಡು ಸುರಿಯುವುದಿದ್ದರೆ ಅಲ್ಲಿ ಸುರಿಯಿರಿ, ತೊಟ್ಟಿಯ ಅಂದಕ್ಕಲ್ಲ.

ಯಾವ ದ್ರವ?

ಬಣ್ಣ, ವಾಸನೆ ಇಲ್ಲದ, ತೆಳುವಾದ ಖನಿಜ ತೈಲ. ಔಷಧ ಮಾರುವ ಕಡೆ ಇದನ್ನು ಲಿಕ್ವಿಡ್ ಪ್ಯಾರಫಿನ್ ಎನ್ನುತ್ತಾರೆ. ಹಗುರ ದರ್ಜೆಯದನ್ನೇ ಕೇಳಿ, ಮಂದವಾದದ್ದು ಪಂಪಿಗೆ ಭಾರವಾಗುತ್ತದೆ. ತಯಾರಕರು ಕೊಡುವ ವಿವರದಲ್ಲಿ ಫ್ಲ್ಯಾಶ್ ಪಾಯಿಂಟ್, ಅಂದರೆ ಎಣ್ಣೆಯ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ತಾಪಮಾನ, ನೋಡಿ: 150 ಡಿಗ್ರಿಗಿಂತ ಮೇಲಿರಲಿ.

ಅಡುಗೆ ಎಣ್ಣೆ ಬೇಡ. ಅದೂ ವಿದ್ಯುತ್ ಹರಿಸುವುದಿಲ್ಲ, ಹಾಕಿ ನೋಡಿದವರೂ ಇದ್ದಾರೆ. ಆದರೆ ಬಿಸಿಯಾಗುತ್ತಾ ಗಾಳಿ ತಾಗುತ್ತಾ ಕಮಟು ಹಿಡಿದು, ಅಂಟಂಟಾಗಿ ಬೋರ್ಡಿಗೆ ಮೆತ್ತಿಕೊಳ್ಳುತ್ತದೆ. ಬಟ್ಟಿ ಇಳಿಸಿದ ನೀರೂ ಬೇಡ. ಶುದ್ಧವಾಗಿರುವಷ್ಟು ಹೊತ್ತು ಅದು ಸಾಧುವೇ, ಆದರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್, ಲೋಹದ ಕಣ, ಬೋರ್ಡಿನ ಧೂಳು ಎಲ್ಲವನ್ನೂ ಕರಗಿಸಿಕೊಂಡು ಬೇಗನೆ ಕರೆಂಟ್ ಹರಿಸಲು ತೊಡಗುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರ್‌ನಿಂದ ತೆಗೆದ ಎಣ್ಣೆಯನ್ನಂತೂ ಮುಟ್ಟಲೇಬೇಡಿ, ಅದರಲ್ಲಿ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಇರಬಹುದು. ಡೇಟಾ ಸೆಂಟರ್‌ಗಳ ಕುದಿಯುವ ಫ್ಲೋರಿನ್ ದ್ರವಗಳಿಗೆ ಆವಿ ತಪ್ಪಿಸಿಕೊಳ್ಳದ ಬಿಗಿ ತೊಟ್ಟಿಯೇ ಬೇಕು. ಸಾಲದ್ದಕ್ಕೆ ಅವುಗಳ ದೊಡ್ಡ ತಯಾರಕರಾದ 3ಎಂ ಕಂಪನಿಯವರು 2025ರ ಕೊನೆಯೊಳಗೆ ಇಂಥ ರಾಸಾಯನಿಕಗಳ ತಯಾರಿಕೆಯನ್ನೇ ನಿಲ್ಲಿಸುವುದಾಗಿ 2022ರಲ್ಲಿ ಹೇಳಿದರು.

ಮುಳುಗಿಸುವ ಮುನ್ನ

ಹಳೆಯ ಕಂಪ್ಯೂಟರ್ ಆರಿಸಿಕೊಳ್ಳಿ. ಒಮ್ಮೆ ಎಣ್ಣೆ ಕಂಡ ಬೋರ್ಡ್ ಮತ್ತೆ ಮೊದಲಿನಂತಾಗುವುದಿಲ್ಲ: ವಾರಂಟಿ ಹೋಗುತ್ತದೆ, ಮಾರಲು ಹೋದರೆ ಕೊಳ್ಳುವವರಿಲ್ಲ, ಸಾಕೆಟ್‌ಗಳ ಸಂದಿಯ ಜಿಡ್ಡು ಎಷ್ಟು ತೊಳೆದರೂ ಉಳಿಯುತ್ತದೆ. ಕಂಪ್ಯೂಟರನ್ನು ಮೊದಲು ಗಾಳಿಯಲ್ಲೇ ಒಂದು ದಿನ ಓಡಿಸಿ, ದೋಷವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕೆಟ್ಟ ರ‍್ಯಾಮನ್ನು ಎಣ್ಣೆಯೊಳಗೆ ಕೈಹಾಕಿ ಹುಡುಕುವ ಕಷ್ಟ ಬೇಡ.

ತಿರುಗುವ ಹಾರ್ಡ್ ಡಿಸ್ಕ್ ಹೊರಗಿರಲಿ. ಸಾಮಾನ್ಯ ಹಾರ್ಡ್ ಡಿಸ್ಕಿಗೆ ಉಸಿರಾಡುವ ಸಣ್ಣ ರಂಧ್ರವಿರುತ್ತದೆ, ಅದರಿಂದ ಎಣ್ಣೆ ಒಳಹೊಕ್ಕರೆ ಡಿಸ್ಕೂ ಹೋಯಿತು, ಅದರಲ್ಲಿದ್ದ ಫೋಟೊಗಳೂ ಹೋದವು. ತಿರುಗುವ ಭಾಗವಿಲ್ಲದ, ಚಿಪ್ಪುಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಗೆ ಆ ಭಯವಿಲ್ಲ. ಪವರ್ ಸಪ್ಲೈಯನ್ನು ಕೆಲವರು ಮುಳುಗಿಸುತ್ತಾರೆ. ನನ್ನ ಮಾತು ಕೇಳುವುದಾದರೆ ಅದು ಹೊರಗೇ ಇರಲಿ. ಮೇನ್ಸ್ ಕರೆಂಟ್ ಬರುವ ಡಬ್ಬಿ ಅದು, ಅದನ್ನು ಜಿಡ್ಡಿನ ಕೈಯಲ್ಲಿ ಮುಟ್ಟುವ ಸಂದರ್ಭವೇ ಬರಬಾರದು.

ಚಿಪ್ಪಿನ ಶಾಖ ಹೀರುವ ಲೋಹದ ರೆಕ್ಕೆಗಳ ಹೀಟ್ ಸಿಂಕ್ ತೆಗೆದು, ಎರಡರ ನಡುವೆ ಸವರಿದ ಥರ್ಮಲ್ ಪೇಸ್ಟ್ ಪೂರ್ತಿ ಒರೆಸಿ. ಎಣ್ಣೆ ಅದನ್ನು ನಿಧಾನವಾಗಿ ತೊಳೆದು ಹಾಕುತ್ತದೆ. ಬದಲಿಗೆ ಇಂಡಿಯಂ ಎಂಬ ಮೆತ್ತನೆಯ ಲೋಹದ ಹಾಳೆ ಅಥವಾ ಗ್ರಾಫೈಟ್ ಪ್ಯಾಡ್ ಇಡಿ. ಎರಡೂ ಕರೆಂಟ್ ಹರಿಸುವಂಥವು, ಆದ್ದರಿಂದ ಚಿಪ್ಪಿನ ಅಳತೆಗೆ ಸರಿಯಾಗಿ ಕತ್ತರಿಸಿ, ಅಂಚು ಹೊರಗೆ ಚಾಚದಿರಲಿ. ಅಂಟಿಸಿದ ಚೀಟಿಗಳನ್ನೂ ಕಿತ್ತುಬಿಡಿ. ಇಲ್ಲವಾದರೆ ಕೆಲವೇ ವಾರಗಳಲ್ಲಿ ಅವು ತೇಲಿಬಂದು ಪಂಪಿನ ಬಾಯಿಗೆ ಸಿಗುತ್ತವೆ.

ಬತ್ತಿಯಾಗುವ ಕೇಬಲ್

ನಾನು ಮೊದಲ ಸಲ ಮಾಡಿದಾಗ ತೊಟ್ಟಿ ಒಂದು ಹನಿಯೂ ಸೋರಲಿಲ್ಲ. ಆದರೂ ವಾರ ಕಳೆಯುವಷ್ಟರಲ್ಲಿ ಮೇಜಿನ ಮೇಲೆ, ಕೀಬೋರ್ಡಿನ ಕೆಳಗೆ ಎಣ್ಣೆ ಹರಡಿತ್ತು. ಎಲ್ಲಿಂದ ಬಂತೆಂದು ತಿಳಿಯಲು ಎರಡು ದಿನ ಹಿಡಿಯಿತು. ಬಂದದ್ದು ಯುಎಸ್‌ಬಿ ಕೇಬಲ್‌ನ ಒಳಗಿನಿಂದ. ಕೇಬಲ್‌ನ ಪ್ಲಾಸ್ಟಿಕ್ ಹೊದಿಕೆಯೊಳಗೆ ಎಳೆಎಳೆಯಾದ ತಾಮ್ರದ ತಂತಿಗಳಿವೆ. ಹಣತೆಯ ಬತ್ತಿ ಎಣ್ಣೆ ಎಳೆಯುವಂತೆ ಆ ಎಳೆಗಳ ನಡುವೆ ಎಣ್ಣೆ ಏರುತ್ತದೆ, ತೊಟ್ಟಿಯ ಅಂಚು ದಾಟಿ ಇನ್ನೊಂದು ತುದಿಯಲ್ಲಿ ತೊಟ್ಟಿಕ್ಕುತ್ತದೆ.

ಇದಕ್ಕೆ ಮದ್ದು ಎರಡು. ಮದರ್‌ಬೋರ್ಡನ್ನು ಅದರ ಹಿಂಬದಿಯ ಸಾಕೆಟ್‌ಗಳು ಮೇಲಕ್ಕೆ ಬರುವಂತೆ ನಿಲ್ಲಿಸಿ, ಎಣ್ಣೆಯ ಮಟ್ಟ ಸಾಕೆಟ್‌ಗಳಿಗಿಂತ ಕೆಳಗೇ ನಿಲ್ಲಲಿ. ಹೀಗೆ ನಿಲ್ಲಿಸಿದರೆ ಗ್ರಾಫಿಕ್ಸ್ ಕಾರ್ಡಿನ ಸಾಕೆಟ್‌ಗಳೂ ಮೇಲೆಯೇ ಬರುತ್ತವೆ. ಹೊರಗಿನ ಪವರ್ ಸಪ್ಲೈಯಿಂದ ಬರುವ ತಂತಿಗಳು ಹೇಗಿದ್ದರೂ ಎಣ್ಣೆಗೆ ಇಳಿಯಲೇಬೇಕು. ಅವುಗಳನ್ನು ಎಣ್ಣೆಯ ಮಟ್ಟದ ಮೇಲೆ ಒಂದು ಕಡೆ ಕತ್ತರಿಸಿ, ನಡುವೆ ತಕ್ಕ ದಪ್ಪದ ಗಟ್ಟಿ ಒಂಟಿ ತಂತಿಯ ತುಂಡನ್ನು ಬೆಸುಗೆ ಹಾಕಿ, ಆ ಜಾಗವನ್ನು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಿಂದ ಮುಚ್ಚಿ. ಎಳೆಗಳ ಸಾಲು ಅಲ್ಲಿ ಕಡಿಯುವುದರಿಂದ ಎಣ್ಣೆ ಮುಂದೆ ಹೋಗದು. ಬೆಸುಗೆಯಲ್ಲಿ ಕೈ ಪಳಗದಿದ್ದರೆ ಬಲ್ಲವರಿಂದ ಮಾಡಿಸಿ, ಇಲ್ಲಿ ಹರಿಯುವ ಆಂಪಿಯರ್ ಸಣ್ಣದಲ್ಲ.

ತೊಟ್ಟಿ, ಪಂಪ್, ರೇಡಿಯೇಟರ್

ತೊಟ್ಟಿ ಗಾಜಿನದಾದರೂ ಅಕ್ರಿಲಿಕ್‌ನದಾದರೂ ಆದೀತು. ಮೊದಲು ನೀರು ತುಂಬಿಸಿ ಒಂದು ದಿನ ಬಿಡಿ, ಸೋರುವುದಿಲ್ಲವೆಂದು ನೋಡಿ. ಆಮೇಲೆ ಚೆಲ್ಲಿ, ಒರೆಸಿ, ಎರಡು ದಿನ ಒಣಗಿಸಿ. ಇಲ್ಲಿ ಅವಸರ ಬೇಡ. ನೀರು ಎಣ್ಣೆಗಿಂತ ಭಾರ, ಮೂಲೆಯಲ್ಲಿ ಉಳಿದ ಹನಿ ತಳದಲ್ಲಿ ಕೂತಿದ್ದು, ಪಂಪ್ ಕಲಕಿದಾಗ ಎದ್ದು ಬೋರ್ಡಿನ ಮೇಲೆ ಕೂರುತ್ತದೆ. 30 ಲೀಟರ್ ಎಣ್ಣೆಯೇ ಸುಮಾರು 25 ಕಿಲೊ ತೂಗುವುದರಿಂದ ತೊಟ್ಟಿ ಎಲ್ಲಿರಬೇಕೋ ಅಲ್ಲೇ ಇಟ್ಟು ತುಂಬಿಸಿ.

ಬಿಸಿ ಎಣ್ಣೆ ಮೇಲಕ್ಕೇರುತ್ತದೆ. ಆದ್ದರಿಂದ ಪಂಪ್ ಎಣ್ಣೆಯ ಮೇಲ್ಮೈಗೆ ಸ್ವಲ್ಪ ಕೆಳಗೆ ತೂಗಲಿ. ಅಲ್ಲಿಂದ ಎಣ್ಣೆ ಹೊರಗಿನ ರೇಡಿಯೇಟರ್‌ಗೆ ಹೋಗಿ, ತಣಿದು, ತೊಟ್ಟಿಯ ತಳಕ್ಕೆ, ಪ್ರೊಸೆಸರ್‌ನ ಹೀಟ್ ಸಿಂಕ್ ಕಡೆ ಮುಖ ಮಾಡಿ ಮರಳಲಿ. ಲೀಟರ್ ಲೆಕ್ಕದಲ್ಲಿ ಎಣ್ಣೆ ಹೊರುವ ಶಾಖ ನೀರು ಹೊರುವುದರ ಮೂರರಲ್ಲೊಂದು ಪಾಲು, ಜತೆಗೆ ಮಂದ. ಹಾಗಾಗಿ ನೀರಿನಿಂದ ತಂಪು ಮಾಡುವ ಕಂಪ್ಯೂಟರ್‌ಗೆ ಸಾಕಾಗುವ ರೇಡಿಯೇಟರ್‌ನ ಎರಡರಷ್ಟು ದೊಡ್ಡದು ಇರಲಿ, ಅದಕ್ಕೆ ಫ್ಯಾನ್ ಕಟ್ಟಿರಲಿ.

ಮರಳುವ ಕೊಳವೆಗೆ ಎಣ್ಣೆಯ ಮಟ್ಟದಿಂದ ಒಂದು ಬೆರಳಿನಷ್ಟು ಕೆಳಗೆ ಸಣ್ಣ ತೂತು ಕೊರೆಯಿರಿ. ಹೊರಗೆಲ್ಲೋ ಪೈಪ್ ಕಳಚಿ ಎಣ್ಣೆ ಹಿಂದಕ್ಕೆ ಹರಿಯಲು ಶುರುವಾದರೆ, ಮಟ್ಟ ಆ ತೂತಿಗೆ ಇಳಿದ ಕೂಡಲೇ ಗಾಳಿ ಹೊಕ್ಕು ಹರಿವು ನಿಲ್ಲುತ್ತದೆ. ಆ ತೂತಿಲ್ಲದಿದ್ದರೆ ತೊಟ್ಟಿಯೆಲ್ಲ ನೆಲದ ಮೇಲೆ. ಪೈಪ್ ಪಾಲಿಯುರೆಥೇನ್ ಅಥವಾ ನೈಟ್ರೈಲ್ ಎಂಬ ಕೃತಕ ರಬ್ಬರ್‌ನದಾಗಲಿ. ಮಾಮೂಲಿ ಪಿವಿಸಿ ಪೈಪ್ ಎಣ್ಣೆಯಲ್ಲಿ ದಿನಗಳೆದಂತೆ ಮರಗಟ್ಟುತ್ತದೆ, ಸಹಜ ರಬ್ಬರ್ ಊದಿಕೊಳ್ಳುತ್ತದೆ.

ಒಳಗಿನ ಫ್ಯಾನ್‌ಗಳು ಎಣ್ಣೆಯಲ್ಲಿ ತೀರ ನಿಧಾನ ತಿರುಗುತ್ತವೆ. ಪ್ರೊಸೆಸರ್‌ನ ಫ್ಯಾನ್ ತೆಗೆದುಬಿಟ್ಟರೆ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಫ್ಯಾನ್ ಎಚ್ಚರಿಕೆಯನ್ನೂ ಆಫ್ ಮಾಡಿ, ಇಲ್ಲದಿದ್ದರೆ ಕಂಪ್ಯೂಟರ್ ಶುರುವಾಗದೆ ನಿಲ್ಲಬಹುದು.

ತುಂಬಿಸಿ, ಕಾದು, ನೋಡಿ

ಎಲ್ಲ ಪ್ಲಗ್ ಕಿತ್ತಿಟ್ಟು ಎಣ್ಣೆಯನ್ನು ಬೋರ್ಡಿನ ಮೇಲೆ ಸುರಿಯದೆ ತೊಟ್ಟಿಯ ಗೋಡೆಗುಂಟ ನಿಧಾನವಾಗಿ ಇಳಿಬಿಡಿ. ಹೀಟ್ ಸಿಂಕಿನ ರೆಕ್ಕೆಗಳ ನಡುವೆ ಸಿಕ್ಕಿಕೊಂಡ ಗಾಳಿ ಗುಳ್ಳೆಗಳು ಏರಿ ಮುಗಿಯುವವರೆಗೆ ಒಂದು ಗಂಟೆ ಕಾಯಿರಿ. ಪವರ್ ಸಪ್ಲೈಗೂ ಪಂಪಿಗೂ ಅರ್ತಿಂಗ್ ಇರುವ, ವಿದ್ಯುತ್ ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಬ್ರೇಕರ್‌ನ ಲೈನಿನಿಂದಲೇ ಸಂಪರ್ಕ ಕೊಡಿ. ಮೊದಲು ಪಂಪ್, ಆಮೇಲೆ ಕಂಪ್ಯೂಟರ್.

ಪರೀಕ್ಷೆ ಹತ್ತು ನಿಮಿಷದ್ದಲ್ಲ. ಗಾಳಿಯಲ್ಲಿ ಓಡುವ ಕಂಪ್ಯೂಟರ್‌ನ ತಾಪಮಾನ ಕೆಲವೇ ನಿಮಿಷದಲ್ಲಿ ನಿಲುಗಡೆಗೆ ಬರುತ್ತದೆ, ಎಣ್ಣೆಗೆ ಗಂಟೆಗಳು ಬೇಕು. ಪ್ರೊಸೆಸರ್, ಗ್ರಾಫಿಕ್ಸ್ ಎರಡಕ್ಕೂ ಪೂರ್ತಿ ಕೆಲಸ ಕೊಟ್ಟು ಕನಿಷ್ಠ ಎಂಟು ಗಂಟೆ ಓಡಿಸಿ, ಅರ್ಧ ಗಂಟೆಗೊಮ್ಮೆ ಎಣ್ಣೆಯ ತಾಪಮಾನ ಬರೆದಿಡಿ. 50 ಡಿಗ್ರಿಯೊಳಗೆ ಏರಿಕೆ ನಿಂತರೆ ನಿಶ್ಚಿಂತೆ. ಏರುತ್ತಲೇ ಹೋದರೆ ನಿಲ್ಲಿಸಿ, ಇನ್ನೊಂದು ರೇಡಿಯೇಟರ್ ಸೇರಿಸಿ.

ಎಣ್ಣೆ ಆವಿಯಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಧೂಳು, ಕೂದಲು ಬೀಳದಂತೆ ಮುಚ್ಚಳ ಹಾಕಿಡಿ. ವರ್ಷಕ್ಕೊಮ್ಮೆ ತಂತಿಗಳ ಹೊದಿಕೆ ಬಾಗಿಸಿ ನೋಡಿ, ಬಿರುಕು ಬಿಡುತ್ತಿದ್ದರೆ ಬದಲಿಸಿ. ಯಾವುದಾದರೂ ಭಾಗ ತೆಗೆಯಬೇಕಾದಾಗ ಪ್ಲಗ್ ಕಿತ್ತು, ಬೋರ್ಡನ್ನು ತೊಟ್ಟಿಯ ಮೇಲೆಯೇ ಒಂದು ಮೂಲೆ ಕೆಳಗಾಗುವಂತೆ ಓರೆಯಾಗಿ ತೂಗುಹಾಕಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹೊತ್ತಿಗೆ ಹೆಚ್ಚಿನ ಎಣ್ಣೆ ಆ ಮೂಲೆಯಿಂದ ತೊಟ್ಟಿಗೇ ಇಳಿದಿರುತ್ತದೆ.